ಕೆರೆಯ ದಂಡೆಯಲ್ಲಿ ಅನುಮೋದನೆಯ ಪ್ರಶ್ನೆ

ಭಾದ್ರಪದ ಮಾಸವು ದಶಲಕ್ಷಣ ಪರ್ವದ ಕಾಲ. ಮಳೆಗಾಲದಲ್ಲಿ ಜೀವೋತ್ಪತ್ತಿ ಅಧಿಕವಾದುದರಿಂದಲೇ ಮುನಿಗಳು ವಿಹಾರವನ್ನು ನಿಲ್ಲಿಸಿ, ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಈ ದಿನಗಳಲ್ಲಿ ಮಳೆ ಬಿಡುವು ಕೊಟ್ಟು ಬಿಸಿಲು ಮೂಡಿದಾಗ ಕೆರೆ ಕಲ್ಯಾಣಿಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತವೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಸಾಗುವ ಯಾತ್ರಿಕನಿಗೆ ಜಿನದರ್ಶನಕ್ಕೆ ಮೊದಲೇ ಇವುಗಳ ದರ್ಶನವಾಗಬಹುದು.

ಇವುಗಳಲ್ಲಿ ದೃಢಕಾಯದವು ಕುಳಿತಾಗಲೂ ರೆಕ್ಕೆಗಳನ್ನು ಬಿಚ್ಚಿಯೇ ಇರುತ್ತವೆ. ಸೂಜಿಯಂತೆ ಕೃಶವಾದ ಅವುಗಳ ಬಂಧುಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುತ್ತವೆ. ಎರಡರ ಮರಿಗಳೂ ನೀರಿನಲ್ಲಿ ಬೆಳೆದು, ಜಲಸಸ್ಯಗಳ ಕಾಂಡವನ್ನೇರಿ, ಪೊರೆ ಕಳಚಿ ಹಾರುತ್ತವೆ. ನೀರಿನಲ್ಲಿದ್ದಾಗ ಸೊಳ್ಳೆಯ ಮರಿಗಳನ್ನೂ, ರೆಕ್ಕೆ ಬಂದ ಮೇಲೆ ಸೊಳ್ಳೆಗಳನ್ನೂ ತಿನ್ನುತ್ತವೆ. ಆದುದರಿಂದಲೇ ಜನರು ಇವನ್ನು ಉಪಕಾರಿಗಳೆಂದು ಹೊಗಳುತ್ತಾರೆ.

ಇಲ್ಲಿ ಶ್ರಾವಕನು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಹಿಂಸೆಯನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು, ಈ ಮೂರೂ ಬಂಧಕಾರಣಗಳೇ. ಹೀಗಿರುವಾಗ, ಸೊಳ್ಳೆಯನ್ನು ಕೊಲ್ಲುತ್ತದೆಂಬ ಕಾರಣಕ್ಕೆ ಒಂದು ಜೀವಿಯನ್ನು ಮೆಚ್ಚುವುದು ಅಹಿಂಸೆಯಾದೀತೆ? ತನ್ನ ಕೈಗೆ ರಕ್ತ ಹತ್ತದಂತೆ ಅನ್ಯರಿಂದ ಕೊಲ್ಲಿಸುವ ಸಂತೋಷ ಆ ಮೆಚ್ಚುಗೆಯಲ್ಲಿ ಅಡಗಿರಬಹುದು. ಹಾಗೆಂದು ಅದನ್ನು ಕೊಲೆಗಡುಕನೆಂದು ಹಳಿಯುವುದೂ ದ್ವೇಷವೇ.

ತತ್ತ್ವಾರ್ಥಸೂತ್ರವು ಚತುರಿಂದ್ರಿಯ ಜೀವಿಗಳಿಗೆ ಭ್ರಮರವನ್ನು ಉದಾಹರಿಸುತ್ತದೆ. ಈ ಕೀಟವೂ ಅದೇ ವರ್ಗಕ್ಕೆ ಸೇರಿದುದು. ಸ್ಪರ್ಶ, ರಸ, ಗಂಧ, ದೃಷ್ಟಿಗಳಿದ್ದರೂ ಹಿತಾಹಿತಗಳನ್ನು ವಿವೇಚಿಸುವ ಮನಸ್ಸು ಅದಕ್ಕಿಲ್ಲ. ಆ ಮನಸ್ಸು ಇರುವುದು ದಂಡೆಯಲ್ಲಿ ನಿಂತು ನೋಡುವವನಿಗೆ. ಆದ್ದರಿಂದ ಪ್ರಶ್ನೆಯು ಕೀಟದ ಆಹಾರವನ್ನು ಕುರಿತದ್ದಲ್ಲ, ನೋಡುವವನ ಪರಿಣಾಮವನ್ನು ಕುರಿತದ್ದು. ಅದು ರಕ್ಷಣೀಯವಾಗಿರುವುದು ಉಪಯೋಗದಿಂದಲ್ಲ, ಜೀವವಾಗಿರುವುದರಿಂದ. ಸೊಳ್ಳೆಯೂ ಜೀವವೇ.

ಈ ತಿಳಿವು ಆಚರಣೆಗೆ ಇಳಿಯಬೇಕು. ಮಕ್ಕಳು ಅದರ ಬಾಲಕ್ಕೆ ದಾರ ಕಟ್ಟಿ ಆಡಿಸುವುದು ಅನರ್ಥದಂಡವೆಂದು ಹಿರಿಯರು ತಿಳಿಹೇಳಬೇಕು. ಸೊಳ್ಳೆಯ ಬಾಧೆಗೆ ತೆಂಗಿನ ಚಿಪ್ಪು, ಹೂಕುಂಡ, ಒಡೆದ ಪಾತ್ರೆಗಳಲ್ಲಿ ನೀರು ನಿಲ್ಲದಂತೆ ಮೊದಲೇ ಎಚ್ಚರ ವಹಿಸಬೇಕು. ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟಿಗೆ ಎಡೆಗೊಡದಿರುವುದು ಮೇಲು. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಾಶಯಕ್ಕೆ ಮರಳಿಸುವ ಕ್ರಮ ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಕೆರೆಯ ಶುದ್ಧೀಕರಣಕ್ಕೂ ಅದೇ ಕ್ರಮ ಅನ್ವಯಿಸಬೇಡವೆ? ಬಸದಿಯ ಆಡಳಿತ ಮಂಡಳಿಗಳು ಜಲಸಸ್ಯವನ್ನು ಒಮ್ಮೆಗೇ ಬರಿದು ಮಾಡದೆ ಭಾಗಭಾಗವಾಗಿ ತೆಗೆಯಬಹುದು. ಕಿತ್ತುದನ್ನು ಕೆಲಕಾಲ ನೀರಂಚಿನಲ್ಲಿಯೇ ಇರಿಸಿದರೆ, ಅದರಲ್ಲಿ ಸಿಕ್ಕ ಮರಿಗಳಲ್ಲಿ ಕೆಲವಾದರೂ ನೀರಿಗೆ ಹಿಂದಿರುಗಿಯಾವು.

ಪರ್ವದ ದಿನಗಳಲ್ಲಿ ಕ್ಷಮೆಯನ್ನು ಬೇಡುವಾಗ ಸಕಲ ಜೀವಿಗಳನ್ನೂ ನೆನೆಯುತ್ತೇವೆ. ಆ ಸಕಲದಲ್ಲಿ ಬೇಟೆಯಾಡುವ ಕೀಟವೂ ಇದೆ, ಅದಕ್ಕೆ ಆಹಾರವಾಗುವ ಸೊಳ್ಳೆಯೂ ಇದೆ. ಎರಡನ್ನೂ ರಾಗದ್ವೇಷವಿಲ್ಲದೆ ನೋಡಬಲ್ಲ ಕಣ್ಣಿಗೆ ಕೆರೆಯ ದಂಡೆಯೂ ಸ್ವಾಧ್ಯಾಯದ ಸ್ಥಳವಾದೀತು.