ಎಣಿಸುವ ಬಾಟಲಿ, ಎಣಿಸದ ಪೀಪಾಯಿ

ಯಾರೋ ನೋಡುತ್ತಾರೆ, ಯಾವುದೋ ಲೆಕ್ಕ ಹೇಳುತ್ತದೆ ಎಂಬ ಕಾರಣಕ್ಕೆ ಉಳಿಸಿಕೊಂಡ ಮಿತಿಯನ್ನು ಸಂಯಮವೆನ್ನಬಹುದೆ? ಹಳೆಯ ಪ್ರಶ್ನೆ. ನನ್ನ ಮುಂದೆ ಅದು ಹೊಸದಾಗಿ ಬಂದದ್ದು ಬಿಯರಿನ ರೂಪದಲ್ಲಿ. ಮದ್ಯ ಮುಟ್ಟದವನಿಗೆ ಈ ಉಸಾಬರಿ ಏಕೆಂದು ಓದುಗರು ನಕ್ಕರೆ ನಗಲಿ.

ನನ್ನ ಸೋದರಳಿಯನೊಬ್ಬ ಅಮೆರಿಕದ ಒರೆಗಾನಿನಲ್ಲಿ ನೆಲಸಿದ್ದಾನೆ. ಅಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ಅಪರಾಧವಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಬಿಟ್ಟಿತು. ಮಾರುವಂತಿಲ್ಲ, ಅಷ್ಟೆ. (ನಮ್ಮ ಕೇರಳದಲ್ಲಿ ಈ ಕೆಲಸಕ್ಕೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ, ಯಾರೂ ಪ್ರಯೋಗಕ್ಕಿಳಿಯುವುದು ಬೇಡ.) ಮಾರುವಂತಿಲ್ಲವೆಂದ ಮೇಲೆ ಉಳಿಯುವುದು ಎರಡೇ: ತಾನು ಕುಡಿಯುವುದು, ಇನ್ನೊಬ್ಬರಿಗೆ ಕೊಡುವುದು.

ಒಂದು ಸಲಕ್ಕೆ ಅವನು ಮಾಡುವುದು 5 ಗ್ಯಾಲನ್, ಎಂದರೆ ಸುಮಾರು 19 ಲೀಟರ್. ಹುದುಗು ಮುಗಿದ ಮೇಲೆ ಎರಡು ದಾರಿ. ಬಾಟಲಿಯಾದರೆ ಐವತ್ತಕ್ಕೂ ಹೆಚ್ಚು ಬಾಟಲಿಗಳನ್ನು ತೊಳೆದು, ಶುದ್ಧಿ ಮಾಡಿ, ಬಿಯರಿಗೆ ತುಸು ಸಕ್ಕರೆ ಬೆರೆಸಿ ತುಂಬಿ ಮುಚ್ಚಳ ಒತ್ತಬೇಕು. ಒಳಗುಳಿದ ಯೀಸ್ಟ್ ಆ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ. ಎರಡು ಮೂರು ವಾರ ಕಾದರೆ ನೊರೆ ಏಳುತ್ತದೆ. ಸಕ್ಕರೆ ಮಿತಿಮೀರಿದರೆ ಬಾಟಲಿ ಸಿಡಿಯುವುದೂ ಉಂಟು. ಪೀಪಾಯಿಯಾದರೆ, ಅವರ ಮಾತಿನಲ್ಲಿ ಕೆಗ್, ಹಿಂದೆ ತಂಪುಪಾನೀಯದ ಕಂಪೆನಿಗಳು ಬಳಸುತ್ತಿದ್ದಂಥ ಒಂದೇ ಸ್ಟೀಲಿನ ಪಾತ್ರೆ ತೊಳೆದರಾಯಿತು. ಸಿಲಿಂಡರಿನಿಂದ ಇಂಗಾಲದ ಡೈ ಆಕ್ಸೈಡ್ ಹಾಯಿಸಿ ತಂಪಿನಲ್ಲಿಟ್ಟರೆ ವಾರ ಹತ್ತು ದಿನಕ್ಕೆ ಸಿದ್ಧ. ನಲ್ಲಿ ತಿರುಗಿಸಿದರೆ ಸುರಿಯುತ್ತದೆ.

ನಮ್ಮ ಕಳ್ಳಿಗೆ ಇಂಥ ಆಯ್ಕೆಯಿಲ್ಲ. ಬೆಳಿಗ್ಗೆ ಇಳಿಸಿದ್ದು ಸಂಜೆಗೆ ಹುಳಿ. ಅದು ಯಾರಿಗೂ ಕಾಯುವುದಿಲ್ಲ.

ಪೀಪಾಯಿ ತಂದ ಮೇಲೆ ಅಳಿಯ ಫೋನಿನಲ್ಲಿ ಹೇಳಿದ: “ಮಾವಾ, ಈಗ ಎಷ್ಟು ಕುಡಿದೆನೆಂದು ನನಗೇ ಗೊತ್ತಾಗುವುದಿಲ್ಲ. ಮೊದಲಾದರೆ ಖಾಲಿ ಬಾಟಲಿಗಳು ಮೇಜಿನ ಮೇಲೆ ಇರುತ್ತಿದ್ದವು.” ಹೆಂಡತಿ ಮತ್ತೆ ಬಾಟಲಿಯೇ ಆಗಲಿ ಎನ್ನುತ್ತಾಳೆ. ಬಾಟಲಿ ಎಣಿಸಿಕೊಂಡು ಒಳ್ಳೆಯವನಾಗುವುದು ಯಾವ ಒಳ್ಳೆಯತನ ಎಂದು ಇವನ ವಾದ.

ಮಾತು ಕೇಳಲು ಚೆನ್ನಾಗಿದೆ. ನಾನು ಒಪ್ಪಲಿಲ್ಲ. ಮೊಕ್ತೇಸರರು ಪ್ರಾಮಾಣಿಕರೆಂದು ದೇವಸ್ಥಾನದ ಲೆಕ್ಕದ ಪುಸ್ತಕವನ್ನು ಯಾರೂ ಒಲೆಗೆ ಹಾಕುವುದಿಲ್ಲ. ಎಷ್ಟೆಂದು ತಿಳಿದು ಇನ್ನೊಂದು ಲೋಟ ಕುಡಿದರೆ ಅದು ಅವನ ನಿರ್ಧಾರ. ತಿಳಿಯದೆ ಕುಡಿದರೆ ನಿರ್ಧರಿಸಿದವರು ಯಾರು? ಇನ್ನೂ ಒಂದಿದೆ. ಆ ಬಾಟಲಿಗಳನ್ನು ತುಂಬಿದವನು ಅವನೇ, ಹಗಲು ಹೊತ್ತಿನಲ್ಲಿ, ಎಚ್ಚರದಲ್ಲಿ. ಸಂಜೆ ಮೇಜಿನ ಮೇಲೆ ಸಾಕ್ಷಿ ಹೇಳುವುದು ಪರರ ಕಣ್ಣಲ್ಲ, ಹಗಲಿನ ಅವನ ಕಣ್ಣೇ.

ಪೀಪಾಯಿಯ ಪರವಾಗಿಯೂ ಹೇಳಬೇಕು. ಅದು ಜನರನ್ನು ಕೂಡಿಸುತ್ತದೆ. ಯಾರ ಪಾಲು ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಂಥ ಔದಾರ್ಯ ನನಗೂ ಇಷ್ಟ. ಆದರೆ ಅದು ಬರಬಲ್ಲವರಿಗೆ ಮಾತ್ರ. ಪಕ್ಕದ ಬೀದಿಯಲ್ಲಿ ಮನೆಬಿಟ್ಟು ಹೊರಡಲಾಗದ ಒಬ್ಬ ಮುದುಕರಿದ್ದಾರೆ. ಪ್ರತಿ ಸಲವೂ ಅವರಿಗೆ ಎರಡು ಬಾಟಲಿ ಹೋಗುತ್ತಿತ್ತು, ಒಂದಿಷ್ಟು ಮಾತೂ ಆಗುತ್ತಿತ್ತು. ಪೀಪಾಯಿ ಬಂದ ಮೇಲೆ ಅದು ನಿಂತಿತು, ಯಾರೂ ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ. ಕುಡಿತದ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು.

ಈಗ ಪೀಪಾಯಿಗೆ ಸುರಿಯುವ ಮೊದಲೇ ಹನ್ನೆರಡು ಬಾಟಲಿ ಬೇರೆ ತುಂಬಿಡುತ್ತಾನಂತೆ. ಉಳಿದದ್ದಕ್ಕೆ ಲೋಟಕ್ಕೊಂದರಂತೆ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ. ಗೆರೆ ಎಳೆಯಲು ಮರೆತರೆ ಆ ಸಂಜೆ ಅಲ್ಲಿಗೇ ನಿಲ್ಲಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.