ಹಳೆಯ ತಪ್ಪಿನ ಲೆಕ್ಕ

ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ತರಗತಿಯಲ್ಲಿ ಪೆನ್ನು ಕಳೆದರೆ ಮಕ್ಕಳ ಕಣ್ಣೆಲ್ಲ ಹೋದ ವರ್ಷ ಸಿಕ್ಕಿಬಿದ್ದ ಹುಡುಗನ ಕಡೆಗೇ ತಿರುಗುತ್ತದೆ. ಅವನೇ ತೆಗೆದಿರಬಹುದು, ತೆಗೆಯದೆಯೂ ಇರಬಹುದು. ಹಳೆಯ ತಪ್ಪು ಇಂದಿನ ತಪ್ಪಿಗೆ ಸಾಕ್ಷಿಯಾದೀತೇ?

ಈ ವಿಷಯದಲ್ಲಿ ನ್ಯಾಯಾಲಯದ ಪದ್ಧತಿ ನಮಗಿಂತ ವಿವೇಕದ್ದು. ಹಿಂದೆ ಶಿಕ್ಷೆಯಾಗಿದ್ದವನಿಗೆ ಹೆಚ್ಚಿನ ದಂಡನೆ ಕೇಳಿದ್ದರೂ, ದೋಷಾರೋಪದ ಆ ಭಾಗವನ್ನು ಮೊದಲೇ ಓದುವಂತಿಲ್ಲ. ಇಂದಿನ ಅಪರಾಧ ಸಾಬೀತಾದ ಮೇಲೆಯೇ ಹಳೆಯ ಕಡತ ಬಿಚ್ಚಬೇಕು. ಬಿಚ್ಚಿದ ಮೇಲೆ ಮಾತ್ರ ಅದರ ಭಾರ ದೊಡ್ಡದು. ಕಳ್ಳತನದಂಥ ಕೆಲವು ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಗೊಳಗಾದವನಿಗೆ 10 ವರ್ಷದವರೆಗೆ ಅಥವಾ ಜೀವಾವಧಿ ಸೆರೆವಾಸ ವಿಧಿಸಬಹುದೆಂದು 1860ರ ದಂಡ ಸಂಹಿತೆಯ 75ನೆಯ ಕಲಮು ಹೇಳಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಒಮ್ಮೆ ಶಿಕ್ಷೆಯಾದರೂ ತಿದ್ದಿಕೊಳ್ಳದವನಿಗೆ ಇನ್ನಷ್ಟು ಶಿಕ್ಷೆ ಎನ್ನುವುದನ್ನು ನಾನೂ ಒಪ್ಪುತ್ತೇನೆ.

ನನ್ನನ್ನು ಕಾಡುವುದು ಗಡೀಪಾರು. ಚುನಾವಣೆ ಹತ್ತಿರ ಬಂತೆಂದರೆ ಈ ಮಾತು ಕಿವಿಗೆ ಬೀಳುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಒಬ್ಬನನ್ನು 2 ವರ್ಷದವರೆಗೆ ಜಿಲ್ಲೆಯಿಂದ ಹೊರಗೆ ಕಳಿಸಬಹುದು. ಇದಕ್ಕೆ ಹೊಸ ಅಪರಾಧ ಸಾಬೀತಾಗಬೇಕಿಲ್ಲ. ಹಿಂದಿನ ನಡತೆ, ಮುಂದೆ ಏನು ಮಾಡಿಯಾನೋ ಎಂಬ ಭಯ, ಇವೇ ಆಧಾರ. ನೋಟೀಸು ಕೊಟ್ಟು ಅವನ ಮಾತು ಕೇಳಬೇಕು, ನಿಜ. ಅವನ ಕಾಟದಿಂದ ನಿದ್ದೆಗೆಟ್ಟ ನೆರೆಮನೆಯವಳಿಗೂ ನೆಮ್ಮದಿ ಬೇಕು, ಅದೂ ನಿಜ. ಆದರೆ ಘಾಟಿ ಇಳಿದು ಹೋದವನು ಅಲ್ಲಿ ಇನ್ನಾರದೋ ನೆರೆಯವನಾಗುತ್ತಾನೆ. ಇಲ್ಲಿ ತೋಟದ ಲೈನ್ ಮನೆಯಲ್ಲಿ ಉಳಿಯುವವಳು ಅವನ ಹೆಂಡತಿ. ಕಾಫಿ ಕುಯ್ದ ಕೂಲಿಯಲ್ಲೇ ಮಕ್ಕಳ ಪುಸ್ತಕ, ಅತ್ತೆಯ ಔಷಧಿ ಎಲ್ಲ ಆಗಬೇಕು. ಅವಳ ಮೇಲೆ ಯಾವ ಕೇಸೂ ಇರಲಿಲ್ಲವಲ್ಲ!

ಬ್ರಿಟಿಷರು 1871ರ ಕಾನೂನಿನಿಂದ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿದ್ದರು. 1952ರಲ್ಲಿ ಆ ಕಾನೂನು ರದ್ದಾಯಿತು, ಅನುಮಾನದ ಕಣ್ಣು ಹೋಗಲಿಲ್ಲ. ಹುಟ್ಟುಗುಣದ ಗಾದೆ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟಕ್ಕೆ ಕೂತವನ ಹಿಂದಿನ ಬದುಕನ್ನು ಯಾರೂ ವಿಚಾರಿಸುವುದಿಲ್ಲ. ಕೋರ್ಟು ಹಾಗಿರಲಾಗದು, ಅದು ಕೇಳಲೇಬೇಕು. ಆದರೆ ಯಾವಾಗ ಕೇಳಬೇಕು, ಎಷ್ಟು ಕಾಲ ಕೇಳುತ್ತಿರಬೇಕು ಎಂಬುದಕ್ಕೆ ಮಿತಿ ಬೇಕು. ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸ ಕೊಡುವುದು, ಅವನ ಮಗುವಿನ ಪಕ್ಕದಲ್ಲಿ ನಮ್ಮ ಮಗುವನ್ನು ಕೂರಿಸುವುದು, ಇವು ಯಾವ ಕಲಮಿನಲ್ಲೂ ಇಲ್ಲ. ಅದನ್ನು ನಾವೇ ಮಾಡಬೇಕು.