ಮೊಗ್ಗಿನ ಪಕ್ಕದ ಬಾಳೆಹಣ್ಣು

ಏಳು ಮೊಗ್ಗುಗಳಿದ್ದವು. ವಾರದೊಳಗೆ ಆರು ಉದುರಿಹೋದವು. ತೊಟ್ಟಿನ ಬಳಿ ಮೊದಲು ಹಳದಿ ತಿರುಗುವುದು, ಮರುದಿನ ಸುಕ್ಕುಗಟ್ಟುವುದು, ಬೆರಳು ತಾಕುವ ಮೊದಲೇ ಕಳಚಿ ಬೀಳುವುದು. ಅತ್ತೆ ಅವನ್ನು ಆಯ್ದು ಅಂಗೈಯಲ್ಲಿಟ್ಟುಕೊಂಡು, "ನನ್ನ ಕೈಗುಣವೇ ಸರಿ ಇಲ್ವೇನೋ ಕಣೇ" ಅಂದರು. ಷಿಕಾಗೊ ಹೊರವಲಯದ ನಮ್ಮ ಮನೆಯಲ್ಲಿ ಅದು ಅವರ ಮೊದಲ ಚಳಿಗಾಲ. ತೀರ್ಥಹಳ್ಳಿಯ ಹಿತ್ತಲಲ್ಲಿ ಒಣಕಡ್ಡಿ ಊರಿದರೂ ಚಿಗುರಿಸುವ ಕೈ ಅವರದು. ಮೊಗ್ಗು ಉದುರಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ಕಾರಣ ಹುಡುಕಲು ಕೂತದ್ದು ಅದಕ್ಕಾಗಿಯೇ.

ಗಿಡ ಫಲೆನಾಪ್ಸಿಸ್, ಇಲ್ಲಿನ ದಿನಸಿ ಅಂಗಡಿಗಳಲ್ಲೂ ಸಿಗುವ ಆರ್ಕಿಡ್. 1825ರಲ್ಲಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ ಗ್ರೀಕ್ ಪದಗಳನ್ನು ಜೋಡಿಸಿ ಇಟ್ಟ ಈ ಹೆಸರಿಗೆ 'ಪತಂಗದಂತೆ ಕಾಣುವುದು' ಎಂದರ್ಥ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಕುಲ. ಕುಂಡದಿಂದ ಹೊರಚಾಚಿದ ದಪ್ಪ ಬಿಳಿಬೇರು ಕಂಡೊಡನೆ ಅತ್ತೆ, "ಇದು ನಮ್ಮ ಸೀತಾಳೆ ಜಾತಿ ಅಲ್ವೇನೇ?" ಎಂದು ಕೇಳಿದ್ದರು. ಅವರ ಊಹೆ ಸರಿ. ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಮರಗಳ ಮೇಲೆ ಜಡೆಯಂತೆ ಜೋತುಬೀಳುವ ಸೀತಾಳೆ ದಂಡೆ ಇದರದೇ ಕುಟುಂಬದ್ದು. ಊರಿನ ಹೂವಿನ ನೆಂಟ ಸಿಕ್ಕ ಸಂತೋಷದಲ್ಲಿ ಅವರು ಕುಂಡವನ್ನು ಕಿಟಕಿಯಿಂದ ಎತ್ತಿ ತಂದು ದೇವರ ಮಂಟಪದ ಪಕ್ಕ ಇಟ್ಟರು. ಅರಳಿದರೆ ದೇವರ ಎದುರಿಗೇ ಅರಳಲಿ ಎಂಬ ಆಸೆ. ಅಲ್ಲಿ ತಟ್ಟೆ ತುಂಬ ನೈವೇದ್ಯದ ಬಾಳೆಹಣ್ಣು, ಸೇಬು. ಬೆಳಿಗ್ಗೆ ಸಂಜೆ ಊದುಬತ್ತಿ.

ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಹೊಗೆಯಲ್ಲೂ ಅದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ಮೂಗಿಗೂ ತಿಳಿಯುವುದಿಲ್ಲ. ಆದರೆ ಗಿಡಕ್ಕೆ ಅದು ಆಜ್ಞೆಯಿದ್ದಂತೆ: ಕಾಯಿಗೆ 'ಹಣ್ಣಾಗು' ಎನ್ನುತ್ತದೆ, ಹೂವಿಗೆ 'ಮುಗಿಯಿತು, ಕಳಚಿಕೋ' ಎನ್ನುತ್ತದೆ. ಇದನ್ನು ಮೊದಲು ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಇಬ್ಬರು ನಮ್ಮ ಷಿಕಾಗೊದವರೇ ಎಂದು ತಿಳಿದಾಗ ನನಗೆ ಓದುವುದನ್ನು ನಿಲ್ಲಿಸಲಾಗಲಿಲ್ಲ. ದೀಪ ಉರಿಸುವ ಅನಿಲವನ್ನು ಕೊಳವೆಗಳಲ್ಲಿ ಹರಿಸುತ್ತಿದ್ದ ಕಾಲ ಅದು. ಅನಿಲ ಸೋರಿದ ಗಾಜಿನಮನೆಗಳಲ್ಲಿ ಕಾರ್ನೇಷನ್ ಹೂಗಳು ಮುದುಡಿಕೊಳ್ಳುತ್ತಿದ್ದವು, ಮೊಗ್ಗುಗಳು ಬಿರಿಯುತ್ತಿರಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಕ್ರಾಕರ್ ಮತ್ತು ನೈಟ್ 1908ರಲ್ಲಿ, ಆ ಅನಿಲದಲ್ಲಿ ಹೂವಿಗೆ ಕೇಡು ಮಾಡುತ್ತಿರುವುದು ಎಥಿಲೀನ್ ಎಂದು ಪ್ರಕಟಿಸಿದರು. ಹತ್ತು ಲಕ್ಷ ಭಾಗ ಗಾಳಿಗೆ ಅದರ ಒಂದು ಭಾಗ ಕೂಡ ಬೇಕಾಗಿಲ್ಲ, ಅದಕ್ಕಿಂತ ಕಡಿಮೆಯೇ ಸಾಕು. ಮಾಗುತ್ತಿರುವ ಸೇಬಿನಿಂದ ಇದೇ ಅನಿಲ ಹೊರಡುತ್ತದೆಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಖಚಿತಪಡಿಸಿದರು.

ಇದನ್ನೆಲ್ಲ ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಟ್ಟದಲ್ಲಿ ಹುಲ್ಲೊಳಗೆ ಮಾವಿನಕಾಯಿ ಮುಚ್ಚಿಡುವಾಗ ನಡುವೆ ಒಂದು ಹಣ್ಣು ಇಡ್ತಿದ್ವಿ, ಬೇಗ ಹಣ್ಣಾಗ್ಲಿ ಅಂತ. ಬಾಳೆಗೊನೆಗೆ ಹೊಗೆ ಕೊಡ್ತಿದ್ವಿ. ಅದೇನಾ ಇದು?" ಎಂದರು.

"ಅದೇ ಅತ್ತೆ."

ಕೈಗುಣದ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಹಾಗೆಂದು ತಪ್ಪನ್ನೆಲ್ಲ ಬಾಳೆಹಣ್ಣಿನ ಮೇಲೆ ಹೊರಿಸಲಾರೆ. ಮಂಟಪದ ಕೆಳಗೇ ಹೀಟರಿನ ಬಿಸಿಗಾಳಿ ಬರುವ ಕಿಂಡಿ ಇತ್ತು. ಇಲ್ಲಿನ ಚಳಿಗಾಲದಲ್ಲಿ ಬೆಚ್ಚಗಿನ ಮನೆಯ ಗಾಳಿ ನಮ್ಮ ತುಟಿಯನ್ನೇ ಒಡೆಸುತ್ತದೆ. ಮಳೆಕಾಡಿನ ಗಿಡದ ಮೊಗ್ಗು ಅದನ್ನು ಹೇಗೆ ತಡೆದೀತು? ಮೊಗ್ಗು ಉದುರಲು ತೊಡಗಿದ ಮೇಲೆ ನಾನು ಗಾಬರಿಯಿಂದ ದಿನವೂ ನೀರು ಹಾಕಿದೆ, ಅದೂ ಕೇಡೇ. ಬೇರಿಗೆ ಹೊದಿಕೆಯಂತೆ ಇರುವ ಸ್ಪಂಜಿನಂಥ ಪದರ ನೀರುಂಡಾಗ ಹಸಿರಾಗಿ, ಒಣಗಿದಾಗ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿಬಣ್ಣ ಬರುವವರೆಗೆ ಕಾಯಬೇಕಿತ್ತು. ಸದಾ ಒದ್ದೆಯಾದ ಬೇರು ಕೊಳೆಯುತ್ತದೆ, ಕೊಳೆತ ಬೇರು ಮೊಗ್ಗಿಗೆ ನೀರು ಕಳಿಸಲಾರದು.

ಇನ್ನೊಂದು ವಿಷಯವನ್ನು ನಾನು ಕಣ್ಣಾರೆ ಕಂಡು ಬೆರಗಾದದ್ದು ಮರುವರ್ಷ. ಮೊಗ್ಗಿನೊಳಗೆ ಆರ್ಕಿಡ್ಡಿನ ತುಟಿದಳ ಮೇಲುಭಾಗದಲ್ಲಿರುತ್ತದೆ. ಅರಳುವ ಹೊತ್ತು ಹತ್ತಿರವಾದಂತೆ ತೊಟ್ಟು ನಿಧಾನವಾಗಿ ತಿರುಚಿಕೊಂಡು ಇಡೀ ಮೊಗ್ಗನ್ನು ಅರ್ಧಸುತ್ತು ತಿರುಗಿಸುತ್ತದೆ. ತುಟಿ ಕೆಳಗೆ ಬಂದು, ಹಾರಿಬರುವ ಕೀಟಕ್ಕೆ ಇಳಿಯುವ ಜಗಲಿಯಾಗುತ್ತದೆ. ಭೂಮಿಯ ಸೆಳೆತ ಯಾವ ಕಡೆಗಿದೆಯೆಂದು ಗುರುತಿಸಿ ಆ ಪುಟ್ಟ ಹಸಿರು ಗುಂಡು ಮಾಡುವ ಕೆಲಸ ಇದು. ದಂಟು ಬೆಳಕಿನ ಕಡೆ ಬಾಗಿ ಮೊಗ್ಗುಗಳನ್ನು ಸಾಲಾಗಿ ಜೋಡಿಸುತ್ತಿರುವಾಗ, ಚೆಂದ ಕಾಣಲಿ ಎಂದು ನಾವು ಕುಂಡ ತಿರುಗಿಸಿದರೆ ಅದರ ಲೆಕ್ಕವೆಲ್ಲ ತಪ್ಪುತ್ತದೆ. ಹಿಂದಿನ ವರ್ಷ ನಾನು ದಿನಕ್ಕೊಮ್ಮೆ ತಿರುಗಿಸುತ್ತಿದ್ದೆ, ಎಲ್ಲ ಕಡೆಗೂ ಬಿಸಿಲು ಬೀಳಲಿ ಎಂದು.

ಹಾಗಾಗಿ ಮರುವರ್ಷ ಮಾಡಿದ್ದು ಸ್ವಲ್ಪವೇ. ಶರತ್ಕಾಲದಲ್ಲಿ ಕೆಲವು ವಾರ ರಾತ್ರಿಯ ಉಷ್ಣತೆ 16-18 ಡಿಗ್ರಿಗೆ ಇಳಿಯುವ ಕೋಣೆಯಲ್ಲಿ ಗಿಡ ಇಟ್ಟೆ. ಆ ತಂಪೇ ಹೂದಂಟಿಗೆ ಕರೆ. ನವೆಂಬರಿನಲ್ಲಿ ದಂಟು ಮೂಡಿತು. ಮೊಗ್ಗು ಕಾಣುವ ಮೊದಲೇ ಪೂರ್ವದ ಕಿಟಕಿಯ ಬಳಿ, ಗಾಜಿಗೆ ಎಲೆ ತಾಕದಷ್ಟು ಒಳಗೆ, ಅದರ ಜಾಗ ಗೊತ್ತುಮಾಡಿದೆ. ಪಕ್ಕದಲ್ಲಿ ತೇವಾಂಶದ ಯಂತ್ರ. ಹಣ್ಣಿನ ತಟ್ಟೆ ಮಂಗಳಾರತಿಯಾದೊಡನೆ ಇನ್ನೊಂದು ಕೋಣೆಗೆ. ಆಮೇಲೆ ಕೈ ಕಟ್ಟಿಕೊಂಡು ಇರುವುದು. ಪ್ರೀತಿಸುವವರಿಗೆ ಅದೇ ಕಷ್ಟದ ಕೆಲಸ.

ಫೆಬ್ರವರಿಯ ಒಂದು ಬೆಳಿಗ್ಗೆ, ಹೊರಗೆ ಹಿಮ ಸುರಿಯುತ್ತಿರುವಾಗ, ಬುಡದ ಮೊಗ್ಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮರುದಿನಕ್ಕೆ ಹೂವು. ಮುಂದಿನ ಎರಡು ವಾರದಲ್ಲಿ ದಂಟಿನ ಕೆಳಗಿನಿಂದ ಮೇಲಕ್ಕೆ, ಒಂದಾದ ಮೇಲೊಂದು.

ಊರಿಗೆ ಮರಳಿದ್ದ ಅತ್ತೆಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎಣಿಸಿದರು. "ಐದು ಅರಳಿವೆ. ತುದೀಲಿ ಇನ್ನೂ ಎರಡಿವೆ ನೋಡೇ" ಎಂದರು. ಅವರಿಗೆ ಇನ್ನೂ ಚೆನ್ನಾಗಿ ಕಾಣಲೆಂದು ಕುಂಡದತ್ತ ಕೈ ಚಾಚಿದೆ.

"ಬೇಡ ಬೇಡ, ಮುಟ್ಟಬೇಡ. ಫೋನನ್ನೇ ಆ ಕಡೆ ತಗೊಂಡು ಹೋಗು."